ಹಸು ಚಿಕ್ಕದು, ಕರು ದೊಡ್ಡದು: ಒಂದು ರಾಜಕೀಯ ವಿಡಂಬನೆಯ ಮೊದಲ ಪ್ರಯೋಗದ ಫೋಟೊಗಳು

ಮೈಸೂರಿನ ಒಂದು ಹವ್ಯಾಸಿ ತಂಡ 1970ರ ದಶಕದಲ್ಲಿ ಒಂದು ರಾಜಕೀಯ ವಿಡಂಬನೆ ನಾಟಕ ಆಡಿತ್ತು. ತಂಡ ಈಗಿಲ್ಲ. ನಾಟಕ ಅಚ್ಚಾಗಲೇ ಇಲ್ಲ. ಕಾರ್ಬನ್ ಇಟ್ಟು ಟೈಪ್ ಮಾಡಿದ ಒಂದು ಪ್ರತಿ ಮಾತ್ರ ಉಳಿದಿದೆ. ಇತ್ತೀಚೆಗೆ ಇಲ್ಲಿನ ಕೆಲವು ಕಾಲೇಜು ಹುಡುಗ ಹುಡುಗಿಯರು ಅದನ್ನು ಮತ್ತೆ ಆಡಬೇಕು ಅಂತ ಹೊರಟರು. ಪ್ರತಿ ಓದಿದರು. ಓದಿದ ಮೇಲೆ ಅವರಿಗೆ ಬಂದ ಅನುಮಾನ ಒಂದೇ: ಇದರಲ್ಲಿ ವಿಡಂಬನೆ ಎಲ್ಲಿದೆ? ಸುಮ್ನೆ ಒಂದು ರಾಜನ ಕಥೆ ಅಲ್ವಾ ಇದು?

ಅವರ ಅನುಮಾನ ನ್ಯಾಯವಾದದ್ದೇ. ಕಥೆ ಹೀಗಿದೆ. ರಾಜ ಸತ್ತಿದ್ದಾನೆ. ಮಂತ್ರಿ ಯಾರಿಗೂ ಹೇಳುವುದಿಲ್ಲ. ಕುರ್ಚಿಗೆ ಶಾಲು ಹೊದಿಸಿ, ಮೇಲೆ ಪೇಟ ಇಟ್ಟು, ಅದರ ಹೆಸರಲ್ಲಿ ದಿನಕ್ಕೊಂದು ಅಪ್ಪಣೆ ಹೊರಡಿಸುತ್ತಾನೆ. ಅರಮನೆ ಬೀದಿಯಲ್ಲಿ ಯಾರೂ ಕೆಮ್ಮಬಾರದು ಅಂತ ಡಂಗುರ ಸಾರಿಸುತ್ತಾನೆ. ಕೊನೆಗೆ ಕುಂಬಳಕಾಯಿ ಮಾರುವವಳೊಬ್ಬಳು ಬಿಸಿಲಿಗೆ ಸುಸ್ತಾಗಿ ಬಂದು ಆ ಕುರ್ಚಿಯಲ್ಲೇ ಕೂತುಬಿಡುತ್ತಾಳೆ. ಇಷ್ಟೇ. ಯಾವ ಪಕ್ಷದ ಹೆಸರೂ ಇಲ್ಲ, ಯಾವ ನಾಯಕರ ಸುಳಿವೂ ಇಲ್ಲ. ಮಂತ್ರಿ ಆಗಾಗ ಹಿಂದಕ್ಕೆ ತಿರುಗಿ, 'ಮುದ್ರೆ ನೋಡಿ ನಡ್ಕೊಳ್ಳಿ' ಅನ್ನುತ್ತಾನೆ. ಓದುವಾಗ ಆ ಮಾತು ಯಾಕೆ ಅಷ್ಟು ಸಲ ಬರುತ್ತದೆ ಅಂತಲೇ ತಿಳಿಯುವುದಿಲ್ಲ. ರಂಗಸೂಚನೆಯಲ್ಲಿ ಇರುವುದು ಮೂರೇ ಪದ: 'ಅರಮನೆಯ ಪರದೆ. ರಾಜಮುದ್ರೆ.'

ಹಾಗಾಗಿ ಅವರು ಫೋಟೊ ಹುಡುಕಲು ಶುರು ಮಾಡಿದರು. ಎರಡು ಕಡೆ ಸಿಕ್ಕಿತು. ನಿರ್ದೇಶಕರು ತೀರಿಕೊಂಡಿದ್ದಾರೆ. ಅವರ ಹೆಂಡತಿಯ ಹತ್ತಿರ ಒಂದು ಆಲ್ಬಮ್ ಇತ್ತು. ತಂಡದ ಜೊತೆ ಓಡಾಡಿಕೊಂಡಿದ್ದ, ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಹವ್ಯಾಸಿ ಛಾಯಾಗ್ರಾಹಕರೊಬ್ಬರ ಮಗಳ ಮನೆಯಲ್ಲಿ ಬಿಸ್ಕತ್ ಡಬ್ಬಿಯ ತುಂಬ ನೆಗೆಟಿವ್ ಇತ್ತು. ಹಳೆಯ ಫೋಟೊ, ನೆಗೆಟಿವ್‌ಗಳನ್ನು ವಿಂಗಡಿಸಿ ಸ್ಕ್ಯಾನ್ ಮಾಡುವ ಕೆಲಸ ನನ್ನದು. ಎರಡನ್ನೂ ನನ್ನ ಹತ್ತಿರ ತಂದರು. ಇಲ್ಲಿ ಯಾರ ಹೆಸರನ್ನೂ ಹೇಳುತ್ತಿಲ್ಲ, ನಾಟಕದ ಹೆಸರನ್ನೂ ಹೇಳುತ್ತಿಲ್ಲ. ಫೋಟೊದಲ್ಲಿರುವ ಎಲ್ಲರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.

ಈ ಕೆಲಸದಿಂದ ನನಗೆ ಗಟ್ಟಿಯಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ವಿಡಂಬನೆ ನಾಟಕದಲ್ಲಿ ಹಸ್ತಪ್ರತಿ ಅನ್ನುವುದು ಪೊಲೀಸರಿಗೆ ತೋರಿಸಬಹುದಾದ ಭಾಗ. ಚುಚ್ಚುವ ಭಾಗ ಬೇರೆ ಕಡೆ ಇರುತ್ತದೆ. ಪರದೆಯಲ್ಲಿ, ಪೇಟ ಸುತ್ತಿದ ರೀತಿಯಲ್ಲಿ, ಮಾತು ಮುಗಿಸಿ ನಟ ಎಲ್ಲಿ ನೋಡುತ್ತಾನೆ ಅನ್ನುವುದರಲ್ಲಿ. ಬ್ರಿಟಿಷರಿಗೂ ಇದು ಗೊತ್ತಿತ್ತು. ಅವರು 1876ರಲ್ಲಿ ತಂದ ನಾಟಕ ಪ್ರದರ್ಶನ ಕಾಯ್ದೆಯಲ್ಲಿ ನಾಟಕದ ಜೊತೆಗೆ ಮೂಕಾಭಿನಯವನ್ನೂ ಸೇರಿಸಿದ್ದರು. ಮಾತೇ ಇಲ್ಲದೆಯೂ ಸರ್ಕಾರವನ್ನು ಅಣಕಿಸಬಹುದು ಅಂತ ಕಾಯ್ದೆ ಬರೆದವರಿಗೆ ತಿಳಿದಿತ್ತು. ಮಾತಿಲ್ಲದ ಆ ಭಾಗಕ್ಕೆ ಉಳಿಯುವ ಸಾಕ್ಷಿ ಫೋಟೊ ಒಂದೇ. ಅದೂ ಮೊದಲ ಪ್ರಯೋಗದ ಫೋಟೊ. ಎರಡನೇ, ಮೂರನೇ ಪ್ರಯೋಗಕ್ಕೆ ಬರುವಷ್ಟರಲ್ಲಿ ಹೊರಗಿನ ರಾಜಕೀಯ ಬದಲಾಗಿರುತ್ತದೆ, ನಾಟಕವೂ ಬದಲಾಗಿರುತ್ತದೆ.

ಆ ಕಾಲ

ಈ ಫೋಟೊಗಳನ್ನು ಓದಬೇಕಾದರೆ ಆ ವರ್ಷಗಳ ನೆನಪು ಸ್ವಲ್ಪ ಬೇಕು. ತುರ್ತು ಪರಿಸ್ಥಿತಿ 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ಇತ್ತು. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಬೆಂಗಳೂರಿನ ರಂಗನಟಿ ಸ್ನೇಹಲತಾ ರೆಡ್ಡಿ ಅವರನ್ನು ಜೈಲಿಗೆ ಹಾಕಿದ್ದರು. ಉಬ್ಬಸದಿಂದ ನರಳಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ಅವರು ತೀರಿಕೊಂಡರು. ನಾಟಕದವರು ಆ ದಿನಗಳಲ್ಲಿ ಹಾಳೆಗಳನ್ನು ಸುಟ್ಟರು, ಬಚ್ಚಿಟ್ಟರು ಅಂದರೆ ಅದು ಬರೀ ಪುಕ್ಕಲುತನ ಅಂತ ನಾನು ಒಪ್ಪುವುದಿಲ್ಲ.

ಮಾರ್ಚ್ 1977ರ ಚುನಾವಣೆಯಲ್ಲಿ ದೆಹಲಿಯಲ್ಲಿ ಸರ್ಕಾರ ಬದಲಾಯಿತು. ಕರ್ನಾಟಕದಲ್ಲಿ ಮಾತ್ರ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ರಾಜ್ಯದಲ್ಲಿ ದೇವರಾಜ ಅರಸು ಅವರ ಸರ್ಕಾರ ಮುಂದುವರಿದಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, 'ಇಂದಿರಾ ಸೋತ ಮೇಲೆ ಅಣಕಿಸಿದರೆ ಏನು ಮಹಾ' ಅಂತ ಇವತ್ತಿನವರಿಗೆ ಅನ್ನಿಸಬಹುದು. ಮೈಸೂರಿನಲ್ಲಿ ಕೂತು ನೋಡಿದರೆ ಯಾರೂ ಸೋತಿರಲಿಲ್ಲ. ಊರು ತುಂಬ ಗೆದ್ದವರೇ ಇದ್ದರು.

ಆಗ ಕಾಂಗ್ರೆಸ್ಸಿನ ಗುರ್ತು ಹಸು ಮತ್ತು ಕರು. ಪಕ್ಷ 1969ರಲ್ಲಿ ಒಡೆಯುವವರೆಗೆ ಜೋಡೆತ್ತು ಇತ್ತು, 1971ರ ಚುನಾವಣೆಗೆ ಹಸು-ಕರು ಬಂತು. 1978ರ ಜನವರಿಯಲ್ಲಿ ಪಕ್ಷ ಮತ್ತೆ ಒಡೆದಾಗ ಇಂದಿರಾ ಬಣಕ್ಕೆ ಹಸ್ತದ ಗುರ್ತು ಬಂತು. ಆ ಫೆಬ್ರುವರಿಯಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಜನ ಕೈ ಗುರ್ತಿಗೇ ಓಟು ಹಾಕಿ ಅರಸು ಅವರನ್ನು ಮತ್ತೆ ಮುಖ್ಯಮಂತ್ರಿ ಮಾಡಿದರು. ಈ ಗುರ್ತುಗಳ ಲೆಕ್ಕವೇ ಮುಂದೆ ನಮ್ಮ ಕೈ ಹಿಡಿದದ್ದು.

ಡಬ್ಬಿ ತೆಗೆದಾಗ

ಹಳೆಯ ನೆಗೆಟಿವ್ ಡಬ್ಬಿಯನ್ನು ಮೊದಲು ಮೂಗಿನಿಂದ ನೋಡಬೇಕು. ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಫಿಲಂ ಕೆಡಲು ಶುರುವಾದರೆ ಹುಳಿ ವಾಸನೆ ಬರುತ್ತದೆ. ಒಂದು ಪಟ್ಟಿ ಕೆಟ್ಟರೆ ಅದರಿಂದ ಹೊರಡುವ ಆಮ್ಲ ಪಕ್ಕದ ಪಟ್ಟಿಯನ್ನೂ ಕೆಡಿಸುತ್ತದೆ. ಮುಚ್ಚಿದ ತಗಡಿನ ಡಬ್ಬಿಯಲ್ಲಿ ಇದು ಇನ್ನೂ ಜೋರು. ಇಲ್ಲಿ ಸಣ್ಣಗೆ ಹುಳಿ ವಾಸನೆ ಇತ್ತು. ಕೆಲವು ಪಟ್ಟಿಗಳು ಅಂಚಿನಲ್ಲಿ ಅಲೆಯಲೆಯಾಗಿ ಸುರುಟಿದ್ದವು. ಅವನ್ನು ತಕ್ಷಣ ಬೇರೆ ಇಟ್ಟೆವು.

ಬೂಷ್ಟೂ ಇತ್ತು. ಮನೆಯವರು ಒದ್ದೆ ಬಟ್ಟೆಯಿಂದ ಒರೆಸೋಣ ಅಂದಿದ್ದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಚಿತ್ರ ಇರುವುದು ಫಿಲಂ ಮೇಲಿನ ಜೆಲಟಿನ್ ಪದರದಲ್ಲಿ. ಬೂಷ್ಟು ತಿಂದ ಆ ಪದರ ನೀರು ತಗುಲಿದರೆ ಕರಗುತ್ತದೆ, ಬೂಷ್ಟಿನ ಜೊತೆ ಮುಖವೂ ಹೋಗುತ್ತದೆ. ತೇವ ಇಲ್ಲದ ಕಡೆ ಒಣಗಲು ಬಿಟ್ಟು, ಮೃದು ಬ್ರಷ್‌ನಿಂದ ಮೇಲ್ಮೇಲೆ ಸವರಿದೆವು, ಅಷ್ಟೇ.

ಆಲ್ಬಮ್ಮಿನ ಕಥೆ ಬೇರೆ. ಅಂಟು ಹಾಳೆಯ ಮೇಲೆ ಫೋಟೊ ಇಟ್ಟು ಪ್ಲಾಸ್ಟಿಕ್ ಮುಚ್ಚುವಂಥ ಆಲ್ಬಮ್ ಅದು. ಫೋಟೊ ಹಳೆಯದು, ಆಲ್ಬಮ್ಮಿಗೆ ಹಾಕಿದ್ದು ಎಷ್ಟೋ ಆಮೇಲೆ. ಅಂಟು ಹಳದಿಯಾಗಿ ಗಟ್ಟಿಯಾಗಿತ್ತು. ಕಿತ್ತರೆ ಹರಿಯುತ್ತದೆ. ಪ್ಲಾಸ್ಟಿಕ್ ಮಾತ್ರ ಎತ್ತಿ, ಹಾಳೆಯಲ್ಲಿದ್ದ ಹಾಗೆಯೇ ಮೇಲಿನಿಂದ ಫೋಟೊ ತೆಗೆದುಕೊಂಡೆವು. ಮೊದಲ ಪುಟದಲ್ಲಿ ನಿರ್ದೇಶಕರ ಅಕ್ಷರದಲ್ಲಿ 'ಮೊದಲ ಪ್ರಯೋಗ, ಟೌನ್‌ಹಾಲ್' ಅಂತ ಬರೆದಿತ್ತು.

ಪಟ್ಟಿಗಳನ್ನು ಜೋಡಿಸಿದ್ದು

ಡಬ್ಬಿಯಲ್ಲಿದ್ದದ್ದು 35 ಎಂ.ಎಂ. ಕಪ್ಪು ಬಿಳುಪು ಫಿಲಂ. ಆರಾರು ಚಿತ್ರಕ್ಕೆ ಕತ್ತರಿಸಿದ ಪಟ್ಟಿಗಳು, ಎಲ್ಲ ಕಲಸಿ ಹೋಗಿದ್ದವು. ಅಂಚಿನಲ್ಲಿ 'ಓರ್ವೋ ಎನ್‌ಪಿ 27' ಅಂತ ಇತ್ತು. ಪೂರ್ವ ಜರ್ಮನಿಯ ಈ ಫಿಲಂ ಆಗ ನಮ್ಮಲ್ಲಿ ಜಾಸ್ತಿ ಓಡುತ್ತಿತ್ತು. 400 ವೇಗದ್ದು, ಅಂದರೆ ಫ್ಲ್ಯಾಶ್ ಇಲ್ಲದೆ ರಂಗದ ಬೆಳಕಲ್ಲೇ ತೆಗೆಯಬಹುದಾದದ್ದು. ತಂಡದ ಬೆಳಕು ಏನು ಮಹಾ ಇರಲಿಲ್ಲ. ತಗಡಿನ ಡಬ್ಬಿಯ ಲೈಟುಗಳು, ಬೆಳಕು ಏರಿಳಿಸಲು ಉಪ್ಪುನೀರಿನ ಡಿಮ್ಮರ್. ಹಾಗಾಗಿ ಚಿತ್ರಗಳಲ್ಲಿ ಕಾಳು, ಅಂದರೆ ಫಿಲಂನ ಸಣ್ಣ ಚುಕ್ಕೆಗಳು, ಎದ್ದು ಕಾಣುತ್ತದೆ, ಕೈಗಳು ಅಲ್ಲಲ್ಲಿ ಅಲುಗಿವೆ.

ಪ್ರತಿ ರೋಲಿನ ಅಂಚಿನಲ್ಲೂ ಒಂದರಿಂದ ಮೂವತ್ತಾರರವರೆಗೆ ನಂಬರ್ ಇರುತ್ತದೆ. ಒಂದೇ ರೋಲಾಗಿದ್ದರೆ ಜೋಡಿಸುವುದು ಸುಲಭ. ಇಲ್ಲಿ ಮೂರು ರೋಲು ಕಲಸಿದ್ದವು. ಹದಿಮೂರರಿಂದ ಹದಿನೆಂಟರವರೆಗಿನ ಪಟ್ಟಿಗಳೇ ಮೂರು. ಯಾವುದು ಯಾವ ರೋಲಿನದು?

ಇದಕ್ಕೆ ಒಂದು ಉಪಾಯ ಇದೆ. ಕ್ಯಾಮೆರಾಗೆ ರೋಲು ಹಾಕುವಾಗ ಪ್ರತಿ ಸಲವೂ ಫಿಲಂ ಒಂಚೂರು ಹಿಂದೆ ಮುಂದೆ ಕೂರುತ್ತದೆ. ಹಾಗಾಗಿ ಅಂಚಿನ ನಂಬರು ಚಿತ್ರದ ಯಾವ ಜಾಗಕ್ಕೆ ಬರುತ್ತದೆ ಅನ್ನುವುದು ರೋಲಿನಿಂದ ರೋಲಿಗೆ ಬೇರೆ, ಒಂದೇ ರೋಲಿನೊಳಗೆ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ. ಒಂದು ರೋಲಿನಲ್ಲಿ ನಂಬರು ಚಿತ್ರದ ನಟ್ಟನಡುವೆ ಬೀಳುತ್ತಿತ್ತು. ಇನ್ನೊಂದರಲ್ಲಿ ಎರಡು ಚಿತ್ರಗಳ ನಡುವಿನ ಸಂದಿಯಲ್ಲಿ. ಮೂರನೆಯದರಲ್ಲಿ ಎಡತುದಿಗೆ. ಇದನ್ನು ಹಿಡಿದು ವಿಂಗಡಿಸಿದೆವು. ಆಮೇಲೆ ಕತ್ತರಿಯ ಕಚ್ಚು ನೋಡಿದೆವು. ಎರಡು ಪಟ್ಟಿಗಳ ತುದಿ ಪಕ್ಕಪಕ್ಕ ಇಟ್ಟರೆ ಓರೆಯಾಗಿ ಕತ್ತರಿಸಿದ ಗೆರೆ ಸರಿಯಾಗಿ ಕೂಡುತ್ತಿತ್ತು.

ಇನ್ನೊಂದು ಗುರುತೂ ಸಿಕ್ಕಿತು. ಪ್ರತಿ ಚಿತ್ರದ ಚೌಕಟ್ಟಿನ ಒಂದು ಮೂಲೆಯಲ್ಲಿ ಚಿಕ್ಕ ಮುಳ್ಳಿನಷ್ಟು ಒಂದು ಕಚ್ಚು ಕಾಣುತ್ತದೆ. ಕ್ಯಾಮೆರಾದ ಒಳಗಿನ ಚೌಕಟ್ಟಿನಲ್ಲಿ ಏನೋ ಒಂದು ಊನ ಇತ್ತು, ಅದರ ಅಚ್ಚು ಅದು. ಮೂರು ರೋಲಿನಲ್ಲೂ ಅದೇ ಜಾಗದಲ್ಲಿ ಅದೇ ಕಚ್ಚು. ಅಂದರೆ ಮೂರನ್ನೂ ತೆಗೆದದ್ದು ಒಂದೇ ಕ್ಯಾಮೆರಾ. ಮಗಳಿಗೆ ಇದನ್ನು ಭೂತಗನ್ನಡಿಯಲ್ಲಿ ತೋರಿಸಿದೆ. 'ಹಾಗಾದ್ರೆ ಮೂರೂ ಅಪ್ಪಂದೇ' ಅಂದರು. ಅಲ್ಲಿಯವರೆಗೆ ಅವರಿಗೂ ಖಾತ್ರಿ ಇರಲಿಲ್ಲ.

ಪರದೆ

ರೋಲು ಜೋಡಿಸಿ, ಹಸ್ತಪ್ರತಿ ಪಕ್ಕ ಇಟ್ಟುಕೊಂಡು ದೃಶ್ಯದ ಪ್ರಕಾರ ನೋಡುತ್ತಾ ಹೋದೆವು. ಮೊದಲ ರೋಲಿನ ಆರಂಭದಲ್ಲೇ ಪರದೆ ಕಾಣಿಸಿತು. ಕುರ್ಚಿಯ ಹಿಂದೆ ಅಗಲವಾದ ಬಟ್ಟೆ. ಅದರ ಮೇಲೆ ದಪ್ಪ ಗೆರೆಯಲ್ಲಿ ಬರೆದ ರಾಜಮುದ್ರೆ. ಸಿಂಹ ಅಲ್ಲ, ಗಂಡಭೇರುಂಡ ಅಲ್ಲ. ಒಂದು ಹಸು, ಒಂದು ಕರು. ಹಸು ಚಿಕ್ಕದು, ತಲೆ ತಗ್ಗಿಸಿ ನಿಂತಿದೆ. ಕರು ಅದರ ಎರಡರಷ್ಟು ದೊಡ್ಡದು, ಹಸುವಿನ ಬೆನ್ನ ಮೇಲೆ ಗೊರಸು ಊರಿದೆ.

ತಾಯಿಯ ಹೆಸರಲ್ಲಿ ಮಗನ ದರ್ಬಾರು ಅಂತ ಆಗ ದೇಶವೆಲ್ಲ ಆಡಿಕೊಳ್ಳುತ್ತಿತ್ತು. ಹಸು ಕರು ಅಂದರೆ ಇಂದಿರಾ ಮತ್ತು ಸಂಜಯ್ ಅನ್ನುವ ಮಾತು ಊರೂರಲ್ಲೂ ಇತ್ತು. ಆ ಮಾತನ್ನು ಇವರು ಬಟ್ಟೆಯ ಮೇಲೆ ಬರೆದು, ಟೌನ್‌ಹಾಲಿನ ರಂಗದ ಮೇಲೆ ಇಳಿಬಿಟ್ಟಿದ್ದಾರೆ. ಈಗ 'ಮುದ್ರೆ ನೋಡಿ ನಡ್ಕೊಳ್ಳಿ' ಅನ್ನುವ ಮಾತನ್ನು ಕೇಳಿಸಿಕೊಳ್ಳಿ. ಚಿತ್ರದಲ್ಲಿ ಮಂತ್ರಿ ಅರ್ಧ ತಿರುಗಿ, ಕೋಲಿನ ತುದಿಯಿಂದ ನೇರ ಕರುವನ್ನು ತೋರಿಸುತ್ತಿದ್ದಾನೆ. ಮುಂದಿನ ಸಾಲಿನಲ್ಲಿ ಕೂತವರ ತಲೆಗಳು ಚಿತ್ರದ ಕೆಳಗೆ ಕಪ್ಪಗೆ ಕಾಣುತ್ತವೆ. ಒಬ್ಬರು ಪಕ್ಕದವರ ಹೆಗಲ ಮೇಲೆ ಕೈಯಿಟ್ಟು ಬಾಗಿದ್ದಾರೆ. ನಗುತ್ತಿದ್ದಾರೆ ಅಂತ ಬೆನ್ನು ನೋಡಿದರೇ ತಿಳಿಯುತ್ತದೆ.

ಆ ಸಭಾಂಗಣಕ್ಕೆ ದಿವಾನ್ ರಂಗಾಚಾರ್ಲು ಅವರ ಹೆಸರಿದೆ. ಮೈಸೂರಿಗೆ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ತಂದವರು ಅವರು. ಆಳುವವರ ಮುಂದೆ ಜನರೂ ಒಂದು ಮಾತು ಆಡಲಿ ಅಂತ ಹೊರಟವರ ನೆನಪಿನ ಜಾಗದಲ್ಲೇ ಈ ಪರದೆ ಇಳಿಯಿತು ಅನ್ನುವುದು ನನಗೆ ತುಂಬ ಹಿಡಿಸಿತು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಇದು ನಿಜವಾಗಿ ಮೊದಲ ಪ್ರಯೋಗವಾ? ತಂಡದ ಹ್ಯಾಂಡ್‌ಬಿಲ್ ಒಂದು ಆಲ್ಬಮ್ಮಿನ ಹಿಂದೆ ಸಿಕ್ಕಿತ್ತು. ತಾರೀಖು ಇದೆ, ವಾರ ಇದೆ, ವರ್ಷ ಇಲ್ಲ. ನಾಳಿದ್ದು ನಡೆಯುವ ನಾಟಕಕ್ಕೆ ವರ್ಷ ಯಾರು ಹಾಕುತ್ತಾರೆ? ಆದರೆ ಒಂದು ತಾರೀಖು ಅದೇ ವಾರಕ್ಕೆ ಮತ್ತೆ ಬರಬೇಕಾದರೆ ಸಾಮಾನ್ಯವಾಗಿ ಐದು, ಆರು ಅಥವಾ ಹನ್ನೊಂದು ವರ್ಷ ಬೇಕು. ಇಂದಿರಾ ಅವರ ಪಕ್ಷಕ್ಕೆ ಹಸು-ಕರು ಗುರ್ತು ಇದ್ದದ್ದು 1971ರಿಂದ 1977ರವರೆಗೆ ಮಾತ್ರ. ತಾರೀಖು, ವಾರ, ಗುರ್ತು ಮೂರನ್ನೂ ಸೇರಿಸಿದರೆ 1977 ಒಂದೇ ಉಳಿಯಿತು. ತುರ್ತು ಪರಿಸ್ಥಿತಿ ಮುಗಿದ ಮೇಲಿನ ಮಳೆಗಾಲ.

ಅಂಗಿಯ ಮೇಲಿನ ಬಿಳಿ ಗೀಟು

ಆದರೂ ಆಲ್ಬಮ್ ಒಂದು ತೊಡಕು ತಂದಿಟ್ಟಿತ್ತು. ಅದರಲ್ಲಿ ಹಸುವೂ ಇಲ್ಲ, ಕರುವೂ ಇಲ್ಲ. ಅದೇ ನಟರು, ಅದೇ ವೇಷ, ಅದೇ ಕುರ್ಚಿ. ಹಿಂದೆ ಮಾತ್ರ ಸಾದಾ ಕಪ್ಪು ಬಟ್ಟೆ. ನಿರ್ದೇಶಕರ ಹೆಂಡತಿಯೂ ಹಾಗೇ ಹೇಳಿದರು: 'ಪರದೆ ಏನೂ ಇರಲಿಲ್ಲ. ಕಪ್ಪು ಬಟ್ಟೆ ಕಟ್ಟಿದ್ವಿ.' ಆಲ್ಬಮ್ಮಿನ ಮೇಲೆ 'ಮೊದಲ ಪ್ರಯೋಗ' ಅಂತ ಬೇರೆ ಇದೆ. ಹಾಗಾದರೆ ನೆಗೆಟಿವ್‌ಗಳು ಎರಡನೇ ಪ್ರದರ್ಶನದವಾ?

ಆಲ್ಬಮ್ಮಿನ ಚಿತ್ರಗಳನ್ನು ನಿಧಾನವಾಗಿ ನೋಡಿದರೆ ಕೆಲವು ಸಂಗತಿ ತಿಳಿಯುತ್ತವೆ. ಎಲ್ಲರೂ ಕ್ಯಾಮೆರಾ ಕಡೆಗೆ ಮುಖ ಕೊಟ್ಟು ನಿಂತಿದ್ದಾರೆ. ಫ್ಲ್ಯಾಶಿನ ಗಟ್ಟಿ ನೆರಳು ಹಿಂದಿನ ಬಟ್ಟೆಯ ಮೇಲೆ ಬಿದ್ದಿದೆ. ಪ್ರೇಕ್ಷಕರ ಒಂದು ತಲೆಯೂ ಇಲ್ಲ. ಒಟ್ಟಿಗೆ ರಂಗಕ್ಕೆ ಬರದ ಎರಡು ಪಾತ್ರಗಳು ಒಂದೇ ಚಿತ್ರದಲ್ಲಿವೆ. ಅಂದರೆ ಇವು ನಾಟಕ ನಡೆಯುವಾಗ ತೆಗೆದವಲ್ಲ. ಸ್ಟುಡಿಯೊದವರನ್ನು ಕರೆಸಿ, ನಾಟಕಕ್ಕೆ ಮುಂಚೆ ನಿಲ್ಲಿಸಿ ತೆಗೆಸಿದವು. ಆಗ ಎಲ್ಲ ತಂಡಗಳೂ ಹೀಗೇ ಮಾಡುತ್ತಿದ್ದವು.

ಹಾಗಿದ್ದರೂ ಪರದೆ ಯಾಕೆ ಇಲ್ಲ? ತಂಡದಲ್ಲಿದ್ದ ಇಬ್ಬರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿದೆವು. ಒಬ್ಬರು, 'ಸ್ಟುಡಿಯೊದವರು ಎಲ್ಲಾದರೂ ಬಾಯಿಬಿಟ್ಟಾರು ಅಂತ ಬೇಕಂತಲೇ ಮುಚ್ಚಿಟ್ಟಿದ್ವಿ' ಅಂದರು. ಇನ್ನೊಬ್ಬರು, 'ಮುಚ್ಚಿಡೋದೆಲ್ಲಿ ಬಂತು ಸಾರ್, ಬಣ್ಣ ಒಣಗೇ ಇರಲಿಲ್ಲ' ಅಂದರು. ಎರಡೂ ನಂಬುವಂಥ ಮಾತೇ.

ನೆಗೆಟಿವ್ ತಾನೇ ಉತ್ತರ ಕೊಟ್ಟಿತು. ಎರಡನೇ ರೋಲಿನಲ್ಲಿ ಮಂತ್ರಿ ಡಂಗುರದವನನ್ನು ಗದರಿಸುವ ದೃಶ್ಯದ ಚಿತ್ರಗಳು ಸಾಲಾಗಿವೆ. ಮಂತ್ರಿಯದು ಕಪ್ಪು ನಿಲುವಂಗಿ. ಒಂದು ಚಿತ್ರದಲ್ಲಿ ಬಲ ಮೊಣಕೈ ಸ್ವಚ್ಛವಾಗಿದೆ. ಮುಂದಿನದರಲ್ಲಿ ಆತ ಹಿಂದೆ ಹಿಂದೆ ಸರಿದು ಪರದೆಗೆ ತಾಗಿದ್ದಾನೆ. ಅದರ ಮುಂದಿನದರಲ್ಲಿ ಅದೇ ಮೊಣಕೈ ಮೇಲೆ ನಾಲ್ಕು ಬೆರಳಗಲದ ಬಿಳಿ ಗೀಟು. ಕರುವಿನ ಹಿಂಗಾಲಿನ ಹತ್ತಿರ ಬಿಳಿ ಬಣ್ಣ ಒರೆಸಿಹೋಗಿದೆ. ಮುಗಿಯುವ ತನಕ ಆ ಗೀಟು ಅಂಗಿಯ ಮೇಲೇ ಇದೆ. ಮಳೆಗಾಲದಲ್ಲಿ ಬಟ್ಟೆಗೆ ಬಳಿದ ಡಿಸ್ಟೆಂಪರ್ ಅಷ್ಟು ಬೇಗ ಒಣಗುವುದಿಲ್ಲ. ಬಣ್ಣ ಹಸಿಯಾಗಿತ್ತು. ಹಸಿ ಬಣ್ಣದ ಪರದೆ ಇರುವುದು ಅದನ್ನು ಬರೆದ ದಿನವೇ. ಈ ಮೊದಲ ಎರಡು ರೋಲುಗಳು ಮೊದಲ ರಾತ್ರಿಯವು.

ಇದರಿಂದ ಮುಚ್ಚಿಟ್ಟಿದ್ದರು ಅನ್ನುವ ಮಾತು ಸುಳ್ಳಾಗುವುದಿಲ್ಲ. ಕೊನೇ ಗಳಿಗೆಗೆ ಬರೆಸಿದ್ದೇ ಅದಕ್ಕಾಗಿ ಇರಬಹುದು. ದಾಖಲೆಯಲ್ಲಿ ಇಬ್ಬರ ಮಾತನ್ನೂ ಬರೆದಿಟ್ಟಿದ್ದೇವೆ.

ನಿರ್ದೇಶಕರ ಹೆಂಡತಿಗೆ ಪರದೆಯ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತೋರಿಸಿದೆವು. ನೋಡಿದ್ದೇ ತಡ, 'ಅಯ್ಯೋ, ಈ ಕರು! ನನ್ನ ಎರಡು ಸೀರೆ ಹೋಯ್ತಲ್ಲ ಇದಕ್ಕೆ' ಅಂದರು. ಹಳೆಯ ಹತ್ತಿ ಸೀರೆ ಎರಡನ್ನು ಉದ್ದಕ್ಕೆ ಜೋಡಿಸಿ ಹೊಲಿದು, ಅದರ ಮೇಲೆ ಬಣ್ಣ ಬಳಿದದ್ದಂತೆ. ಸ್ಕ್ಯಾನನ್ನು ದೊಡ್ಡದು ಮಾಡಿ ನೋಡಿದರೆ ಬಟ್ಟೆಯ ಕೆಳತುದಿಯಲ್ಲಿ ಸೀರೆಯ ಅಂಚು ಕಾಣುತ್ತದೆ, ಸಣ್ಣ ಗೋಪುರದ ಅಂಚು. ಅದನ್ನು ಅವರೇ ಬೆರಳಿಟ್ಟು ತೋರಿಸಿದರು.

ಇಷ್ಟು ವರ್ಷ ಅವರು ನೋಡುತ್ತಾ ಬಂದದ್ದು ಆಲ್ಬಮ್ ಒಂದನ್ನೇ. ಬಂದವರಿಗೆ ತೋರಿಸಿದ್ದೂ ಅದನ್ನೇ. ಹಾಗಾಗಿ ಆ ರಾತ್ರಿಯ ನೆನಪಿನ ಜಾಗದಲ್ಲಿ ಆಲ್ಬಮ್ಮಿನ ಕಪ್ಪು ಬಟ್ಟೆ ಬಂದು ಕೂತಿತ್ತು. ಹಿರಿಯರಿಗೆ ಫೋಟೊ ತೋರಿಸಿ ನೆನಪು ಕೇಳುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಫೋಟೊ ತೋರಿಸುವುದಕ್ಕೆ ಮುಂಚೆಯೇ ಒಂದು ಸಲ ಕೇಳಿ ಬರೆದುಕೊಳ್ಳಿ. ಆಮೇಲೆ ತೋರಿಸಿ ಇನ್ನೊಂದು ಸಲ ಬರೆದುಕೊಳ್ಳಿ. ಎರಡನ್ನೂ ಇಡಿ.

ಹಾಗಂತ ಆಲ್ಬಮ್ ಕೆಲಸಕ್ಕೆ ಬಾರದ್ದು ಅಂತಲ್ಲ. ವೇಷ, ಮೇಕಪ್ಪು, ಪೇಟದ ಸುತ್ತು, ಯಾರು ಯಾವ ಪಾತ್ರ ಅನ್ನುವುದೆಲ್ಲ ಅದರಲ್ಲೇ ಸ್ಪಷ್ಟ. ನೆಗೆಟಿವ್‌ನಲ್ಲಿ ಮುಖ ಗುರುತಿಸಲಾಗದೆ ಒದ್ದಾಡುತ್ತಿದ್ದಾಗ ಆಲ್ಬಮ್ಮೇ ದಾರಿ ತೋರಿಸಿತು. ಅದರ ಕೆಳಗಿನ ಒಕ್ಕಣೆಯನ್ನು ಮಾತ್ರ 'ಪ್ರಯೋಗಕ್ಕೆ ಮುಂಚೆ, ವೇಷದಲ್ಲಿ' ಅಂತ ತಿದ್ದಿದ್ದೇವೆ. ನಿರ್ದೇಶಕರು ಬರೆದ ಸಾಲನ್ನು ಅಳಿಸಿಲ್ಲ.

ಮೂರನೇ ರೋಲು

ಮೂರನೇ ರೋಲಿನಲ್ಲಿ ಅದೇ ಕುರ್ಚಿ, ಅದೇ ಮಂತ್ರಿ, ಅದೇ ದೃಶ್ಯ. ಆದರೆ ಜಾಗ ಟೌನ್‌ಹಾಲ್ ಅಲ್ಲ. ಬಯಲಲ್ಲಿ ಹಾಕಿದ ರಂಗ, ಮೇಲೆ ಟ್ಯೂಬ್‌ಲೈಟು, ಮುಂದೆ ನೆಲದ ಮೇಲೆ ಕೂತ ಜನ. ಬದಿಯಲ್ಲಿ ಕಟ್ಟಿದ ಬ್ಯಾನರಿನ ಒಂದು ತುದಿ ಮಾತ್ರ ಕಾಣುತ್ತದೆ. ಅದರಲ್ಲಿ 'ಮಂಡ್ಯ' ಅಂತ ಓದಬಹುದು. ಪರದೆಯ ಮೇಲೆ ಹಸು ಕರು ಇಲ್ಲ. ಅಂಗೈ ಇದೆ. ಬಟ್ಟೆ ಉದ್ದಕ್ಕೂ ಒಂದೇ ದೊಡ್ಡ ಅಂಗೈ, ಐದು ಬೆರಳು. ಬಟ್ಟೆಯ ಕೆಳತುದಿಯಲ್ಲಿ ಅದೇ ಗೋಪುರದ ಅಂಚು. ಹಳೆಯ ಬಟ್ಟೆಯ ಮೇಲೇ ಬಳಿದಿದ್ದಾರೆ.

ಗುರ್ತಿನ ಲೆಕ್ಕದಲ್ಲಿ ಇದು 1978ರ ಜನವರಿಯ ನಂತರದ್ದು. ಮುದ್ರೆ ಬದಲಾಗಿದೆ, ಮಾತು ಬದಲಾಗಿಲ್ಲ. ಮಂತ್ರಿ ಪರದೆ ಕಡೆ ಕೋಲು ತೋರಿಸುತ್ತಿದ್ದಾನೆ. ಎಡಗೈಯಿಂದ ತನ್ನ ಕೆನ್ನೆ ಹಿಡಿದುಕೊಂಡಿದ್ದಾನೆ. 'ಮುದ್ರೆ ನೋಡಿ ನಡ್ಕೊಳ್ಳಿ' ಅಂದರೆ ಈಗ, ಹೊಡೆತ ಬೀಳುತ್ತೆ ಹುಷಾರು! ಪಕ್ಷ ಗುರ್ತು ಬದಲಿಸಿತು, ತಂಡ ಒಂದು ಪದವನ್ನೂ ತಿದ್ದದೆ ಅದರ ಹಿಂದೆಯೇ ಹೋಯಿತು. ಹಸ್ತಪ್ರತಿಯಲ್ಲಿ ಆ ಮಾತು ಯಾಕೆ ಅಷ್ಟು ಬೋಳಾಗಿದೆ ಅಂತ ಆಗ ಅರ್ಥವಾಯಿತು. ಪರದೆ ಏನು ಹೇಳಿದರೂ ಹೊಂದುವ ಹಾಗೆ ಬರೆದ ಮಾತು ಅದು.

ಡಬ್ಬಿಯಲ್ಲಿ ಮೂರೂ ಕಲಸಿದ್ದರಿಂದ, ಯಾರಾದರೂ ಆತುರದಲ್ಲಿ ಸ್ಕ್ಯಾನ್ ಮಾಡಿ ಎಲ್ಲಕ್ಕೂ 'ಮೊದಲ ಪ್ರಯೋಗ, ಮೈಸೂರು' ಅಂತ ಹೆಸರಿಟ್ಟಿದ್ದರೆ ಈ ಜಾಣತನ ಕಾಣದೆ ಹೋಗುತ್ತಿತ್ತು. ಎರಡು ಪರದೆ ಇದ್ದವು ಅಂತ ಮಾತ್ರ ಉಳಿಯುತ್ತಿತ್ತು.

ಹೆಸರು, ಒಪ್ಪಿಗೆ, ಹಕ್ಕು

ಹ್ಯಾಂಡ್‌ಬಿಲ್ಲಿನಲ್ಲಿ ಪಾತ್ರಧಾರಿಗಳ ಪಟ್ಟಿ ಇದೆ. ಡಂಗುರದವನ ಪಾತ್ರದ ಮುಂದಿರುವ ಹೆಸರು ತಂಡದ ಯಾರದೂ ಅಲ್ಲ. ಆ ಪಾತ್ರ ಮಾಡಿದವರು ಸರ್ಕಾರಿ ನೌಕರರು. ಸರ್ಕಾರವನ್ನು ಬಹಿರಂಗವಾಗಿ ಟೀಕಿಸುವುದಕ್ಕೆ ನೌಕರರ ನಡತೆ ನಿಯಮಗಳು ಬಿಡುವುದಿಲ್ಲ. ಅದಕ್ಕೆ ಬೇರೆ ಹೆಸರು ಹಾಕಿಸಿದ್ದರು. ಆಲ್ಬಮ್ಮಿನಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಇವರೊಬ್ಬರು ತಮಟೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದಾರೆ. ನಾಟಕ ನಡೆಯುವಾಗ ತೆಗೆದ ಚಿತ್ರದಲ್ಲಿ ಮುಖ ಪೂರ್ತಿ ಕಾಣುತ್ತದೆ. ಅವರನ್ನು ಹುಡುಕಿ ಹೋಗಿ ಕೇಳಿದೆವು. ತುಂಬ ಹೊತ್ತು ಚಿತ್ರ ನೋಡಿದರು. 'ಚಿತ್ರ ಹಾಕಿ. ಹೆಸರು ನಾನು ಹೋದ್ಮೇಲೆ ಹಾಕಿ' ಅಂದರು. ಹಾಗೇ ಬರೆದಿಟ್ಟಿದ್ದೇವೆ. ರಾಜಕೀಯ ನಾಟಕದ ಫೋಟೊಗಳಲ್ಲಿ ಈ ಒಂದು ಪ್ರಶ್ನೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಅವತ್ತು ಅವರು ಮುಖ ಮುಚ್ಚಿಕೊಂಡದ್ದಕ್ಕೆ ಕಾರಣ ಇತ್ತು. ಬಿಚ್ಚುವುದು ಯಾವಾಗ ಅಂತ ಹೇಳಬೇಕಾದವರೂ ಅವರೇ.

ಹಕ್ಕಿನ ವಿಷಯ ಬೇಗ ಹೇಳುತ್ತೇನೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು ತೆಗೆಸಿದವರದು. ಹಾಗಾಗಿ ಸ್ಟುಡಿಯೊ ಚಿತ್ರಗಳು ತಂಡದವು. ಬ್ಯಾಂಕಿನವರು ಯಾರೂ ಕೇಳದೆ, ತಮ್ಮ ಖುಷಿಗೆ ತೆಗೆದ ಚಿತ್ರಗಳ ಹಕ್ಕು ಅವರದು, ಈಗ ಅವರ ವಾರಸುದಾರರದು. 2012ರ ತಿದ್ದುಪಡಿಯ ನಂತರ ಫೋಟೊಗಳಿಗೂ ತೆಗೆದವರು ತೀರಿಹೋದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಮಗಳು ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟರು. ಒಂದೇ ಷರತ್ತು: ಚಿತ್ರ ಎಲ್ಲಿ ಹಾಕಿದರೂ ಅವರ ತಂದೆಯ ಹೆಸರು ಇರಬೇಕು. ಪಾತ್ರಧಾರಿಗಳಿಂದ ಹಿಡಿದು ಬೆಳಕಿನವರವರೆಗೆ ಹೆಸರಿರುವ ಹ್ಯಾಂಡ್‌ಬಿಲ್ಲಿನಲ್ಲಿ ಅವರ ಹೆಸರು ಮಾತ್ರ ಇಲ್ಲ. ನ್ಯಾಯವಾದ ಷರತ್ತು.

ಸ್ಕ್ಯಾನ್ 4000 ಡಿಪಿಐನಲ್ಲಿ ಮಾಡಿದ್ದೇವೆ. ಟಿಫ್ ಕಡತ, ಒಂದೊಂದೂ ಸುಮಾರು 40 ಎಂ.ಬಿ. ಕಾಳು, ಗೀರು ಯಾವುದನ್ನೂ ಅಳಿಸಿಲ್ಲ. ಅಂಚಿನ ನಂಬರು, ರಂಧ್ರಗಳು ಸೇರಿದ ಹಾಗೆ ಪಟ್ಟಿಯನ್ನು ಪೂರ್ತಿಯಾಗಿಯೂ ಒಂದು ಸಲ ಸ್ಕ್ಯಾನ್ ಮಾಡಿದೆವು. ಚಿತ್ರ ಮಾತ್ರ ಕತ್ತರಿಸಿಟ್ಟರೆ ಮೇಲೆ ಹೇಳಿದ ಯಾವ ಲೆಕ್ಕವನ್ನೂ ನಾಳೆ ಯಾರೂ ಪರೀಕ್ಷಿಸಲಾಗುವುದಿಲ್ಲ. ಪಟ್ಟಿಗಳು ಈಗ ಆಮ್ಲರಹಿತ ಕಾಗದದ ಲಕೋಟೆಯಲ್ಲಿವೆ. ಪ್ರಿಂಟಿನ ಹಿಂದೆ ಬರೆಯುವುದಕ್ಕೆ ಮೆತ್ತನೆಯ ಪೆನ್ಸಿಲ್ ಮಾತ್ರ, ಬಾಲ್‌ಪೆನ್ ಬೇಡ.

ಹುಡುಗರ ಕಡೆಯಿಂದ ಒಂದು ಸುದ್ದಿ. ಹಸು-ಕರು ಪರದೆಯನ್ನು ಇದ್ದ ಹಾಗೇ ಬರೆಸಬೇಕು ಅಂತ ಮೊದಲು ಹೊರಟಿದ್ದರು. ಮಂಡ್ಯದ ರೋಲು ನೋಡಿದ ಮೇಲೆ ಅವರಲ್ಲೇ ಜಗಳ ಶುರುವಾಗಿದೆ. ಕೆಲವರಿಗೆ ಹಳೆಯ ಪರದೆ ಬೇಕು, ಕೆಲವರಿಗೆ ಇವತ್ತಿನದು ಬೇಕು. ನನ್ನ ಅಭಿಪ್ರಾಯ ಕೇಳಿದರು. ಮೊದಲ ಪ್ರಯೋಗ ಮಾಡಿದವರು ತಮ್ಮ ವರ್ಷದ ಗುರ್ತನ್ನೇ ಬರೆದರು, ನೀವೂ ನಿಮ್ಮ ವರ್ಷದ್ದನ್ನು ಬರೆಯಿರಿ ಅಂದೆ. ಹಳೆಯ ಪರದೆಯ ಫೋಟೊವನ್ನು ಬಾಗಿಲ ಹತ್ತಿರ ದೊಡ್ಡದಾಗಿ ತೂಗುಹಾಕಿ ಅಂತಲೂ ಹೇಳಿದೆ. ಇನ್ನೂ ತೀರ್ಮಾನ ಆಗಿಲ್ಲ.

ಮಂಡ್ಯದ ಪ್ರದರ್ಶನದ ತಾರೀಖು ಇನ್ನೂ ಸಿಕ್ಕಿಲ್ಲ. ನಮ್ಮ ದಾಖಲೆಯಲ್ಲಿ ಸದ್ಯಕ್ಕೆ 'ಮಂಡ್ಯ, 1978 ಜನವರಿ ನಂತರ' ಅಂತ ಇದೆ. ಆ ರೋಲಿನಲ್ಲಿ ನೆಲದ ಮೇಲೆ ಕೂತವರ ಮುಖ ಚೆನ್ನಾಗಿ ಬಿದ್ದಿವೆ. ಚಿಕ್ಕ ಮಕ್ಕಳೂ ಇದ್ದಾರೆ, ಅವರಿಗೆ ಈಗ ಐವತ್ತು ದಾಟಿರುತ್ತದೆ. ಆ ಚಿತ್ರಗಳ ಪ್ರಿಂಟ್ ಹಾಕಿಸಿ ಮಂಡ್ಯಕ್ಕೆ ಕಳಿಸಿದ್ದೇವೆ. ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಕೆಲವರು ನೋಡುತ್ತೇವೆ ಅಂದಿದ್ದಾರೆ. ಆ ಸಂಜೆಯ ಹ್ಯಾಂಡ್‌ಬಿಲ್ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ ತಾರೀಖು ಮತ್ತು ವಾರ ಎರಡನ್ನೂ ಓದಿ ಹೇಳಿ ಅಂತ ಕೇಳಿಕೊಂಡಿದ್ದೇವೆ. ವರ್ಷ ನಾವು ಲೆಕ್ಕ ಹಾಕಿಕೊಳ್ಳುತ್ತೇವೆ.